ಬಿಗಿಯಾದ ಟ್ರಾನ್ಸ್‌ಫರ್ ಬಾಕ್ಸ್: ಮಳೆಗಾಲದ ಜೀಪುಗಳ ಹೈ–ಲೋ ಲಿವರ್ ಕುರಿತು ಸದಸ್ಯರಿಗೆ ತಿಳಿವಳಿಕೆ

ಮಲೆನಾಡಿನ ಹಲವು ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿ, ಮಳೆಗಾಲದ ತಿಂಗಳುಗಳಲ್ಲಿ ಸಾಮಾನ್ಯ ವಾಹನ ತಲುಪಲಾರದ ಜನವಸತಿಗಳು ಇಂದಿಗೂ ಇವೆ. ಹೆರಿಗೆಯ ನೋವು ಕಾಣಿಸಿಕೊಂಡ ಮಹಿಳೆಯನ್ನಾಗಲಿ, ಹಾವು ಕಚ್ಚಿದವರನ್ನಾಗಲಿ ಅಲ್ಲಿಂದ ಆಂಬುಲೆನ್ಸ್ ನಿಲ್ಲುವ ಡಾಂಬರು ರಸ್ತೆಯವರೆಗೆ ತರುವುದು ಯಾವುದಾದರೂ ಒಂದು ಫೋರ್ ವ್ಹೀಲ್ ಜೀಪು. ಅದು ಪಂಚಾಯಿತಿ ಬಾಡಿಗೆಗೆ ಪಡೆದದ್ದಾಗಿರಬಹುದು, ಊರಿನ ತೋಟದ ಮಾಲೀಕರದ್ದಾಗಿರಬಹುದು. ಆ ಜೀಪನ್ನು ಉಳಿದ ವಾಹನಗಳಿಂದ ಬೇರೆ ಮಾಡುವುದು ಚಾಲಕನ ಪಕ್ಕದಲ್ಲಿರುವ ಒಂದು ಚಿಕ್ಕ ಲಿವರು. ಬೇಸಿಗೆಯಿಡೀ ಯಾರೂ ಮುಟ್ಟದೆ ಬಿಟ್ಟ ಆ ಲಿವರು ಜುಲೈ ತಿಂಗಳ ಒಂದು ರಾತ್ರಿ ಏರಿನ ಬುಡದಲ್ಲಿ ಕದಲದೆ ನಿಂತರೆ ಏನಾಗುತ್ತದೆ ಎಂಬುದನ್ನು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಿವರು ಬಿಗಿಯಾಗಿದೆ ಎಂದ ಕೂಡಲೇ ಎರಡು ಕೆಲಸಗಳು ನಡೆಯುವುದನ್ನು ಕಂಡಿದ್ದೇನೆ. ಒಂದು, ಚಾಲಕನು ಲಿವರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಬಲವಂತವಾಗಿ ಎಳೆಯುವುದು. ಎರಡು, “ಬಾಕ್ಸ್ ಇಳಿಸಿ ಬಿಚ್ಚಬೇಕು” ಎಂಬ ಅಂದಾಜು ಪಟ್ಟಿ ಸಭೆಯ ಮುಂದೆ ಬರುವುದು. ಎರಡೂ ಅವಸರದ ಕೆಲಸಗಳೇ. ನನ್ನ ತಿಳಿವಳಿಕೆಯಲ್ಲಿ, ಬಿಗಿಯಾದ ಲಿವರುಗಳ ಪೈಕಿ ಹೆಚ್ಚಿನವುಗಳಲ್ಲಿ ಬಾಕ್ಸಿನ ಒಳಗೆ ಏನೂ ಕೆಟ್ಟಿರುವುದಿಲ್ಲ. ಬಿಗಿತಕ್ಕೆ ಕಾರಣ ಬೇರೆ ಕಡೆ ಇರುತ್ತದೆ. ಅದನ್ನು ಸ್ಪ್ಯಾನರ್ ಹಿಡಿಯುವ ಮೊದಲೇ ಕಂಡುಹಿಡಿಯಬಹುದು. ಅದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬಾಕ್ಸಿನ ಕೆಲಸ

ಮುಖ್ಯ ಗೇರ್ ಬಾಕ್ಸಿನ ಹಿಂದೆ ಜೋಡಿಸಿರುವ ಎರಡನೆಯ ಚಿಕ್ಕ ಗೇರ್ ಬಾಕ್ಸೇ ಟ್ರಾನ್ಸ್‌ಫರ್ ಬಾಕ್ಸ್. ಜೀಪಿನ ಪುಸ್ತಕಗಳಲ್ಲಿಯೂ ನಮ್ಮ ಗ್ಯಾರೇಜುಗಳಲ್ಲಿಯೂ ಇದನ್ನು ಟ್ರಾನ್ಸ್‌ಫರ್ ಕೇಸ್ ಎನ್ನುವುದುಂಟು, ವಸ್ತು ಒಂದೇ. ಎಂಜಿನಿನಿಂದ ಬಂದ ತಿರುಗುಬಲವನ್ನು ಹಿಂದಿನ ಆಕ್ಸಲ್ಲಿಗೆ ಮಾತ್ರ ಕೊಡಬೇಕೇ, ಮುಂದಿನದಕ್ಕೂ ಕೊಡಬೇಕೇ ಎಂಬುದನ್ನು ತೀರ್ಮಾನಿಸುವುದು ಇದರ ಮೊದಲ ಕೆಲಸ. ಆ ಬಲವನ್ನು ಇದ್ದ ಹಾಗೆಯೇ ಕಳುಹಿಸಬೇಕೇ (ಹೈ), ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸಿ ಕಳುಹಿಸಬೇಕೇ (ಲೋ) ಎಂಬುದು ಎರಡನೆಯದು. ಟ್ರಾಕ್ಟರ್ ಇಟ್ಟುಕೊಂಡಿರುವ ಸದಸ್ಯರಿಗೆ ಈ ಎರಡನೆಯ ಕೆಲಸ ಹೊಸದಲ್ಲ. ಎಂಟು ಮುಂದಿನ ಗೇರು, ಎರಡು ಹಿಂದಿನ ಗೇರು ಎಂದು ಹೇಳುವ ಟ್ರಾಕ್ಟರುಗಳಲ್ಲಿ ಸಾಮಾನ್ಯವಾಗಿ ಇರುವುದು ನಾಲ್ಕು ಮುಂದಿನ ಗೇರು ಮತ್ತು ಒಂದು ರಿವರ್ಸ್. ಹೈ–ಲೋ ಲಿವರು ಅವುಗಳನ್ನು ಇಮ್ಮಡಿಗೊಳಿಸುತ್ತದೆ.

ಅಂಕಿಗಳಲ್ಲಿ ನೋಡಿದರೆ ಈ ಚಿಕ್ಕ ಲಿವರಿನ ಮಹತ್ವ ತಿಳಿಯುತ್ತದೆ. 1947ರಿಂದ ವಿಲೀಸ್ ಜೀಪುಗಳ ಮೂಲಕ ವಾಹನೋದ್ಯಮಕ್ಕೆ ಬಂದ ಮಹೀಂದ್ರ ಸಂಸ್ಥೆಯು ನಮ್ಮ ದೇಶದಲ್ಲಿ ಬಹುಕಾಲ ತಯಾರಿಸಿದ ಸಿಜೆ-3ಬಿ ಮಾದರಿಯ ಜೀಪನ್ನೇ ತೆಗೆದುಕೊಳ್ಳೋಣ. ಅದರ ಮೊದಲ ಗೇರಿನ ಅನುಪಾತ ಸುಮಾರು 2.8, ಆಕ್ಸಲ್ಲಿನದು 5.38. ಹೈನಲ್ಲಿ ಎಂಜಿನ್ ಸುಮಾರು 15 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಟ್ರಾನ್ಸ್‌ಫರ್ ಬಾಕ್ಸಿನ ಲೋ ಅನುಪಾತವಾದ 2.46 ಸೇರಿದಾಗ, ಚಕ್ರದ ಒಂದು ಸುತ್ತಿಗೆ ಎಂಜಿನ್ 37 ಸುತ್ತು ತಿರುಗಬೇಕಾಗುತ್ತದೆ. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುತ್ತಿರುವಾಗ ಹೈನಲ್ಲಿ ಜೀಪಿನ ವೇಗ ಗಂಟೆಗೆ ಸುಮಾರು ಒಂಬತ್ತು ಕಿ.ಮೀ.; ಲೋನಲ್ಲಿ ಮೂರೂವರೆ ಕಿ.ಮೀ., ಅಂದರೆ ಮನುಷ್ಯನ ನಡಿಗೆಗಿಂತಲೂ ನಿಧಾನ. ಏರು ಹತ್ತುವಾಗ ಇದರಿಂದಾಗುವ ಪ್ರಯೋಜನವನ್ನು ಎಲ್ಲರೂ ಬಲ್ಲರು. ಇಳಿಜಾರಿನಲ್ಲಿ ಇದು ಅದಕ್ಕಿಂತ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಲೋ ಮೊದಲ ಗೇರಿನಲ್ಲಿ ಎಂಜಿನ್ನೇ ಜೀಪನ್ನು ಹಿಡಿದು ಇಳಿಸುತ್ತದೆ. ಬ್ರೇಕು ಕಾದು ಕೈಕೊಡುವ ಪ್ರಸಂಗ ಬರುವುದಿಲ್ಲ.

ಬಿಗಿಯಲ್ಲದ ಬಿಗಿತ

ಹಳೆಯ ಜೀಪುಗಳಲ್ಲಿ ಮುಖ್ಯ ಗೇರ್ ಲಿವರಿನ ಪಕ್ಕದಲ್ಲಿ ಎರಡು ಚಿಕ್ಕ ಲಿವರುಗಳಿರುತ್ತವೆ. ಒಂದು ಮುಂದಿನ ಆಕ್ಸಲ್ಲನ್ನು ಸೇರಿಸಲು, ಇನ್ನೊಂದು ಹೈ–ಲೋ ಬದಲಿಸಲು. ಈ ಎರಡರ ನಡುವೆ ಬಾಕ್ಸಿನೊಳಗೆ ಒಂದು ತಡೆ ಇದೆ: ಮುಂದಿನ ಆಕ್ಸಲ್ ಸೇರದ ಹೊರತು ಲೋಗೆ ಹೋಗಲು ಅದು ಬಿಡುವುದಿಲ್ಲ. ಮೇಲೆ ಹೇಳಿದ 37 ಪಟ್ಟು ಬಲ ಹಿಂದಿನ ಆಕ್ಸಲ್ ಒಂದರ ಮೇಲೆಯೇ ಬಿದ್ದರೆ ಅದು ಮುರಿದೀತು ಎಂಬ ಕಾರಣಕ್ಕೆ ತಯಾರಕರು ಮಾಡಿರುವ ಏರ್ಪಾಡು ಇದು. ಹಾಗೆಯೇ ಲೋನಲ್ಲಿ ಇರುವಾಗ ಮುಂದಿನ ಆಕ್ಸಲ್ಲನ್ನು ಬಿಡಿಸಲೂ ಬರುವುದಿಲ್ಲ. ಆದುದರಿಂದ ಹೋಗುವಾಗ ಮೊದಲು ಮುಂದಿನ ಆಕ್ಸಲ್, ಅನಂತರ ಲೋ. ಬರುವಾಗ ಮೊದಲು ಹೈ, ಅನಂತರ ಮುಂದಿನ ಆಕ್ಸಲ್ಲಿನ ಬಿಡುಗಡೆ. ಹೊಸ ಚಾಲಕನೊಬ್ಬನು ಈ ಕ್ರಮ ತಿಳಿಯದೆ ಹೈ–ಲೋ ಲಿವರನ್ನು ನೇರವಾಗಿ ಎಳೆದು “ಜಾಮ್ ಆಗಿದೆ” ಎಂದರೆ, ಜಾಮ್ ಆಗಿರುವುದು ಏನೂ ಇಲ್ಲ. ಬಾಕ್ಸ್ ತನ್ನ ಕರ್ತವ್ಯವನ್ನು ಮಾಡುತ್ತಿದೆ. ಪೈಪು ಸಿಕ್ಕಿಸಿ ಎಳೆದರೆ ಆ ತಡೆಯೋ, ಒಳಗಿನ ಶಿಫ್ಟರ್ ಫೋರ್ಕೋ ಬಾಗುತ್ತದೆ. ಆಗ ನಿಜವಾದ ದುರಸ್ತಿ ಆರಂಭವಾಗುತ್ತದೆ.

ಥಾರ್, ಜಿಪ್ಸಿ ಮುಂತಾದ ವಾಹನಗಳಲ್ಲಿ ಎರಡು ಲಿವರುಗಳ ಬದಲು ಒಂದೇ ಲಿವರು ಇದ್ದು, ಅದು ಟೂ ಹೈ, ಫೋರ್ ಹೈ, ನ್ಯೂಟ್ರಲ್, ಫೋರ್ ಲೋ ಎಂಬ ಸ್ಥಾನಗಳ ಮೂಲಕ ಸಾಗುತ್ತದೆ. ಇಲ್ಲಿ ಕ್ರಮ ತಪ್ಪುವ ಸಂಭವ ಕಡಿಮೆ. ಆದರೆ ನ್ಯೂಟ್ರಲ್ ಸ್ಥಾನವು ಹೈ ಮತ್ತು ಲೋಗಳ ನಡುವೆಯೇ ಇದೆ ಎಂಬುದನ್ನು ನೆನಪಿಡಬೇಕು. ಅದರ ವಿಚಾರ ಮುಂದೆ ಬರುತ್ತದೆ.

ಕಾಂಕ್ರೀಟು ತಿರುವಿನಲ್ಲಿ ಸಿಕ್ಕಿಬಿದ್ದ ಬಲ

ಈಗ ನಿಜವಾದ ಬಿಗಿತಕ್ಕೆ ಬರೋಣ. ವಾಹನ ತಿರುವು ತೆಗೆದುಕೊಳ್ಳುವಾಗ ಮುಂದಿನ ಚಕ್ರಗಳು ಹಿಂದಿನ ಚಕ್ರಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಮೇಲೆ ಹೇಳಿದ ಜೀಪಿನಲ್ಲಿ ಮುಂದಿನ ಹಾಗೂ ಹಿಂದಿನ ಆಕ್ಸಲ್ಲುಗಳ ನಡುವಿನ ಅಂತರ ಸುಮಾರು 2 ಮೀಟರ್. ಹಿಂದಿನ ಆಕ್ಸಲ್ 5 ಮೀಟರ್ ತ್ರಿಜ್ಯದಲ್ಲಿ ಒಂದು ಪೂರ್ತಿ ಹೇರ್‌ಪಿನ್ ತಿರುವು ಸುತ್ತಿದರೆ, ಮುಂದಿನ ಆಕ್ಸಲ್ ಅದಕ್ಕಿಂತ ಸುಮಾರು 1.2 ಮೀಟರ್ ಹೆಚ್ಚು ಸಾಗಬೇಕು. ಚಕ್ರದ ಲೆಕ್ಕದಲ್ಲಿ ಅದು ಅರ್ಧ ಸುತ್ತಿಗಿಂತ ಹೆಚ್ಚು. ಪ್ರೊಪೆಲ್ಲರ್ ಶಾಫ್ಟಿನ ಲೆಕ್ಕದಲ್ಲಿ ಸರಿಸುಮಾರು ಮೂರು ಸುತ್ತು. ಆದರೆ ಫೋರ್ ವ್ಹೀಲ್ ಹಾಕಿದಾಗ ಇಂತಹ ಬಾಕ್ಸ್ ಎರಡೂ ಶಾಫ್ಟುಗಳನ್ನು ಒಂದಕ್ಕೊಂದು ಬಿಗಿದಿರುತ್ತದೆ. ಮೂರು ಸುತ್ತಿನ ಆ ವ್ಯತ್ಯಾಸ ಎಲ್ಲಿಗೆ ಹೋಗಬೇಕು?

ಕೆಸರಿನಲ್ಲಿ, ಸಡಿಲ ಜಲ್ಲಿಯಲ್ಲಿ ಚಕ್ರಗಳು ಸ್ವಲ್ಪ ಜಾರಿ ಅದನ್ನು ತೀರಿಸಿಕೊಳ್ಳುತ್ತವೆ. ಕಾಂಕ್ರೀಟಿನ ಮೇಲೆ ಸುಲಭವಾಗಿ ಜಾರಲಾರವು. ಆ ಬಲವು ಹಿಂಡಿದ ಬಟ್ಟೆಯಂತೆ ಶಾಫ್ಟುಗಳಲ್ಲಿ ತಿರುಚಿಕೊಂಡು ನಿಲ್ಲುತ್ತದೆ. ಬಾಕ್ಸಿನೊಳಗಿನ ಹಲ್ಲುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಒತ್ತಡದಲ್ಲಿರುವ ಹಲ್ಲುಗಳನ್ನು ಪಕ್ಕಕ್ಕೆ ಸರಿಸಲು ಲಿವರಿನಿಂದ ಸಾಧ್ಯವಾಗುವುದಿಲ್ಲ. ನಮ್ಮ ಗ್ರಾಮೀಣ ರಸ್ತೆಗಳಲ್ಲಿ ಇದು ವಿಶೇಷವಾಗಿ ಕಾಣಿಸಿಕೊಳ್ಳಲು ನಾವೇ ಕಾರಣರು ಎಂದರೆ ಸದಸ್ಯರು ಬೇಸರಿಸಬಾರದು: ಅನುದಾನ ಸಾಲದಿದ್ದಾಗ ಮಣ್ಣಿನ ರಸ್ತೆಯ ಕಡಿದಾದ ಏರು ಹಾಗೂ ತಿರುವುಗಳಿಗೆ ಮಾತ್ರ ಕಾಂಕ್ರೀಟು ಹಾಕಿಸುತ್ತೇವೆ. ಕೆಸರಿನಲ್ಲಿ ಫೋರ್ ವ್ಹೀಲ್ ಹಾಕಿದ ಚಾಲಕನು ಅದೇ ಸ್ಥಿತಿಯಲ್ಲಿ ಕಾಂಕ್ರೀಟು ತಿರುವನ್ನು ಸುತ್ತಿ, ಮೇಲಿನ ಸಮತಟ್ಟಿನಲ್ಲಿ ಲಿವರು ಎಳೆದಾಗ ಅದು ಬರುವುದಿಲ್ಲ.

ಪರಿಹಾರಕ್ಕೆ ಹಣ ಬೇಕಾಗಿಲ್ಲ. ಸಮತಟ್ಟಾದ ಕಡೆ ಸ್ಟಿಯರಿಂಗ್ ನೇರವಾಗಿಟ್ಟು ಐದಾರು ಮೀಟರ್ ಹಿಂದಕ್ಕೆ ಚಲಿಸಬೇಕು. ಬಂದ ತಿರುವಿನ ಗುರುತಿನಲ್ಲಿಯೇ ಹಿಂದೆ ಸರಿದರೆ ಇನ್ನೂ ಒಳ್ಳೆಯದು. ಚಲಿಸುತ್ತಿರುವಾಗ ಕ್ಲಚ್ ಒತ್ತಿ, ಮುಂದಿನ ಆಕ್ಸಲ್ಲಿನ ಲಿವರಿನ ಮೇಲೆ ಹಗುರವಾಗಿ ಕೈ ಇಟ್ಟಿರಬೇಕು. ಒತ್ತಡ ಶೂನ್ಯವಾಗುವ ಗಳಿಗೆಯಲ್ಲಿ ಲಿವರು ತಾನಾಗಿಯೇ ಕೈಗೆ ಬರುತ್ತದೆ. ಬಾರದಿದ್ದರೆ ಒಂದು ಪಕ್ಕದ ಚಕ್ರಗಳನ್ನು ರಸ್ತೆಯ ಅಂಚಿನ ಮಣ್ಣಿಗೆ ಇಳಿಸಿ ಮುಂದೆ ಹಿಂದೆ ಆಡಿಸಬೇಕು.

ಇದರ ಜೊತೆಗೆ ಟೈರಿನ ವಿಚಾರವನ್ನೂ ಹೇಳಬೇಕು. ಮಿತವ್ಯಯದ ಹೆಸರಿನಲ್ಲಿ ಹಿಂದಿನ ಎರಡು ಟೈರುಗಳನ್ನು ಮಾತ್ರ ಹೊಸದಾಗಿ ಕೊಳ್ಳುವ ನಿರ್ಣಯಗಳನ್ನು ನೋಡಿದ್ದೇನೆ. ಸವೆದ ಟೈರಿಗೂ ಹೊಸದಕ್ಕೂ ತ್ರಿಜ್ಯದಲ್ಲಿ 5 ಮಿಲಿಮೀಟರ್ ವ್ಯತ್ಯಾಸವಿದ್ದರೆ, ಇಷ್ಟು ದೊಡ್ಡ ಚಕ್ರದಲ್ಲಿ ಅದು ಶೇಕಡ 1.4ರಷ್ಟಾಗುತ್ತದೆ. ನೇರ ರಸ್ತೆಯಲ್ಲಿಯೇ ಪ್ರತಿ ಕಿಲೋಮೀಟರಿಗೆ 14 ಮೀಟರಿನ ಜಗಳ ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ನಡೆಯುತ್ತಿರುತ್ತದೆ. ಅಂತಹ ಜೀಪಿನ ಲಿವರು ಸದಾ ಬಿಗಿ. ಫೋರ್ ವ್ಹೀಲ್ ವಾಹನಕ್ಕೆ ಒಂದೇ ಅಳತೆಯ, ಒಂದೇ ರೀತಿ ಸವೆದ ನಾಲ್ಕು ಟೈರು ಇರತಕ್ಕದ್ದು. ಸ್ಟೆಪ್ನಿಯನ್ನೂ ಸೇರಿಸಿ ಟೈರುಗಳ ಸ್ಥಾನವನ್ನು ಆಗಾಗ್ಗೆ ಬದಲಿಸುತ್ತಿದ್ದರೆ ಸವಕಳಿ ಸಮನಾಗಿರುತ್ತದೆ.

ಹಲ್ಲಿಗೆ ಹಲ್ಲು

ಮುಖ್ಯ ಗೇರ್ ಬಾಕ್ಸಿನಲ್ಲಿ ಎರಡು ಗೇರುಗಳ ವೇಗವನ್ನು ಸಮ ಮಾಡಿ ಸೇರಿಸುವ ಸಿಂಕ್ರೊಮೆಶ್ ಎಂಬ ಏರ್ಪಾಡು ಇರುತ್ತದೆ. ಹಳೆಯ ಜೀಪಿನ ಟ್ರಾನ್ಸ್‌ಫರ್ ಬಾಕ್ಸಿನಲ್ಲಿ ಅದು ಇಲ್ಲ. ಆದುದರಿಂದ ಹೈನಿಂದ ಲೋಗೆ ಹೋಗುವುದು ವಾಹನ ನಿಂತಾಗಲೇ ಆಗಬೇಕು. ನಿಂತಾಗ ಇನ್ನೊಂದು ತೊಡಕು: ಒಂದು ಗೇರಿನ ಹಲ್ಲು ಇನ್ನೊಂದರ ಸಂದಿಗೆ ಎದುರಾಗುವ ಬದಲು ಹಲ್ಲಿಗೇ ಎದುರಾದರೆ ಲಿವರು ಅರ್ಧದಲ್ಲಿ ನಿಲ್ಲುತ್ತದೆ. ಬಲ ಹಾಕಿ ಪ್ರಯೋಜನವಿಲ್ಲ. ಅನುಭವಿ ಚಾಲಕರು ಅನುಸರಿಸುವ ಕ್ರಮ ಹೀಗಿದೆ. ಸಮತಟ್ಟಿನಲ್ಲಿ ನಿಂತು, ಬ್ರೇಕ್ ಒತ್ತಿಕೊಂಡೇ ಇದ್ದು, ಕ್ಲಚ್ ಒತ್ತಿ ಚಿಕ್ಕ ಲಿವರನ್ನು ನ್ಯೂಟ್ರಲ್ಲಿಗೆ ತರಬೇಕು. ಮುಖ್ಯ ಗೇರನ್ನು ಮೊದಲನೆಯದಕ್ಕೆ ಹಾಕಿ, ಕ್ಲಚ್ಚನ್ನು ಒಂದು ಕ್ಷಣ ಬಿಟ್ಟು ಮತ್ತೆ ಪೂರ್ತಿ ಒತ್ತಬೇಕು. ಒಳಗಿನ ಗೇರು ಸ್ವಲ್ಪ ತಿರುಗಿ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಆಗ ಲಿವರನ್ನು ಅರೆಮನಸ್ಸಿನಿಂದಲ್ಲದೆ, ಒರಟಾಗಿಯೂ ಅಲ್ಲದೆ, ಒಂದೇ ಎಳೆತದಲ್ಲಿ ಲೋಗೆ ಹಾಕಬೇಕು. ಕೆಲವು ವಾಹನಗಳ ಕೈಪಿಡಿಗಳು ನಡಿಗೆಯ ವೇಗದಲ್ಲಿ ಉರುಳುತ್ತಿರುವಾಗ ಬದಲಿಸಲು ಅವಕಾಶ ನೀಡುತ್ತವೆ; ಆ ಬಗ್ಗೆ ಆಯಾ ವಾಹನದ ಕೈಪಿಡಿಯೇ ಪ್ರಮಾಣ. ಲೋನಿಂದ ಹೈಗೆ ಚಲಿಸುತ್ತಲೇ ಬದಲಿಸುವ ನುರಿತವರು ಇದ್ದಾರೆ. ಅದು ಕೌಶಲವೇ ಸರಿ. ಆದರೆ ಜನರನ್ನು ಕೂರಿಸಿಕೊಂಡಾಗ ಪ್ರದರ್ಶಿಸತಕ್ಕದ್ದಲ್ಲ.

ಇಳಿಜಾರಿನಲ್ಲಿ ಬದಲಿಸಲು ಯತ್ನಿಸುವುದು ಮಾತ್ರ ನಿಷಿದ್ಧವೆಂದೇ ತಿಳಿಯಬೇಕು. ಹೈನಿಂದ ಲೋಗೆ ಹೋಗುವ ದಾರಿಯಲ್ಲಿ ನ್ಯೂಟ್ರಲ್ ಇದೆ. ಲಿವರು ಬಿಗಿಯಾಗಿ ಅಲ್ಲಿಯೇ ನಿಂತರೆ ಎಂಜಿನಿಗೂ ಚಕ್ರಗಳಿಗೂ ಸಂಬಂಧ ಕಡಿದುಹೋಗುತ್ತದೆ. ಮುಖ್ಯ ಗೇರು ಮೊದಲನೆಯದರಲ್ಲಿದ್ದರೂ ವಾಹನ ಉರುಳುತ್ತದೆ. “ಗೇರಿನಲ್ಲಿ ಹಾಕಿ ನಿಲ್ಲಿಸಿದ್ದೇನೆ” ಎಂಬ ಧೈರ್ಯಕ್ಕೆ ಇಲ್ಲಿ ಅರ್ಥವಿಲ್ಲ. ಹ್ಯಾಂಡ್ ಬ್ರೇಕ್ ಮಾತ್ರ ಹಿಡಿಯಬಲ್ಲದು. ಹಳೆಯ ಜೀಪಿನಲ್ಲಿ ಅದು ಟ್ರಾನ್ಸ್‌ಫರ್ ಬಾಕ್ಸಿನ ಹಿಂದಿನ ಶಾಫ್ಟಿನ ಮೇಲೆಯೇ ಇರುವುದರಿಂದ ಎಣ್ಣೆ ಸೋರಿ ನೆನೆದಿದ್ದರೆ ಅದೂ ಹಿಡಿಯದು. ಲೋ ಬೇಕಾದರೆ ಇಳಿಜಾರಿಗೆ ಮೊದಲೇ, ಸಮತಟ್ಟಿನಲ್ಲಿ ಹಾಕಿಕೊಳ್ಳಬೇಕು. ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡುವ ಹಳೆಯ ಅಭ್ಯಾಸವನ್ನು ಬಿಡಿಸಬಾರದು.

ಕಾರಣ ಗುರುತಿಸುವ ಪರೀಕ್ಷೆ

ದುರಸ್ತಿಯ ಅಂದಾಜು ಪಟ್ಟಿ ಬಂದಾಗ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ: ಎಂಜಿನ್ ನಿಲ್ಲಿಸಿ ಲಿವರನ್ನು ಆಡಿಸಿ ನೋಡಲಾಗಿದೆಯೇ? ವಾಹನವನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಚಕ್ರಗಳ ಮುಂದೆ ಹಿಂದೆ ಒಂದು ಗೇಣು ಜಾಗ ಬಿಟ್ಟು ಕಲ್ಲು ಇಟ್ಟು, ಮುಖ್ಯ ಗೇರನ್ನು ನ್ಯೂಟ್ರಲ್ ಮಾಡಿ, ಇಬ್ಬರು ವಾಹನವನ್ನು ಪಕ್ಕದಿಂದ ಸ್ವಲ್ಪ ಮುಂದೆ ಹಿಂದೆ ತಳ್ಳುತ್ತಿರುವಾಗ ಒಬ್ಬರು ಒಳಗೆ ಕುಳಿತು ಲಿವರು ಬದಲಿಸಬೇಕು. ಎಂಜಿನ್ ನಿಂತಾಗ ಹಗುರ, ಓಡುವಾಗ ಬಿಗಿ ಎಂದಾದರೆ ತಪ್ಪು ಬಾಕ್ಸಿನದಲ್ಲ, ಕ್ಲಚ್ಚಿನದು. ಪೆಡಲು ಪೂರ್ತಿ ಒತ್ತಿದರೂ ಕ್ಲಚ್ ಬಿಡದೆ ಒಳಗಿನ ಶಾಫ್ಟು ತಿರುಗುತ್ತಲೇ ಇದೆ ಎಂದರ್ಥ. ಪೆಡಲಿನ ಅಳವಡಿಕೆ ಸರಿಪಡಿಸುವುದರಿಂದ ಇದು ಬಗೆಹರಿಯಬಹುದು. ತಳ್ಳಿದಾಗ ಒಮ್ಮೆ ಸಡಿಲವಾಗಿ ಲಿವರು ಬಂದರೆ, ಅದು ಮೇಲೆ ಹೇಳಿದ ಸಿಕ್ಕಿಬಿದ್ದ ಬಲ ಅಥವಾ ಹಲ್ಲಿಗೆ ಹಲ್ಲು ತಾಗಿದ್ದು.

ಹೇಗೆ ಮಾಡಿದರೂ ಸಮಾನವಾಗಿ ಬಿಗಿಯಾಗಿದ್ದು, ತುಕ್ಕು ಹಿಡಿದ ಬಾಗಿಲಿನ ತಿರುಗಣಿಯಂತೆ ಲಿವರು ಚಲಿಸಿದರೆ, ವಾಹನದ ಕೆಳಗೆ ನೋಡಬೇಕು. ಲಿವರು ತಿರುಗುವ ಪಿನ್ನು ಚಕ್ರಗಳಿಂದ ಎರಚುವ ಕೆಸರಿಗೆ ನೇರವಾಗಿ ಒಡ್ಡಿಕೊಂಡಿರುತ್ತದೆ. ಅಲ್ಲಿನ ಕೆಸರು ಒಣಗಿ, ತುಕ್ಕು ಹಿಡಿದು, ಬೇಸಿಗೆ ಕಳೆಯುವಷ್ಟರಲ್ಲಿ ಸಿಮೆಂಟಿನಂತಾಗಿರುತ್ತದೆ. ಲಿವರನ್ನು ಬಾಕ್ಸಿನಿಂದ ಬೇರ್ಪಡಿಸಿ ಬಾಕ್ಸಿನ ಶಿಫ್ಟರ್ ರಾಡನ್ನು ಪ್ರತ್ಯೇಕವಾಗಿ ಆಡಿಸಿದರೆ ಸತ್ಯ ಹೊರಬೀಳುತ್ತದೆ: ರಾಡು ಸರಾಗವಾಗಿ ಚಲಿಸಿದರೆ ದೋಷ ಹೊರಗಿನದು. ಒಂದು ಪಂಚಾಯಿತಿಯಲ್ಲಿ ಬಾಕ್ಸನ್ನು ಪೂರ್ತಿ ಇಳಿಸಿ ಮರುಜೋಡಿಸಿದ ಬಿಲ್ಲು ಪಾವತಿಯಾದ ಬಳಿಕವೂ ಲಿವರು ಬಿಗಿಯಾಗಿಯೇ ಇತ್ತು. ಕೊನೆಗೆ ಪಿನ್ನು ಹೊರತೆಗೆದು, ಉಜ್ಜಿ, ಗ್ರೀಸ್ ಹಚ್ಚಿ ಹಾಕಿದ ಮೇಲೆ ಸರಿಹೋಯಿತು. ಗ್ರೀಸ್ ನಿಪ್ಪಲ್ ಇರುವ ಕಡೆ ಗ್ರೀಸ್ ಗನ್ ಹಿಡಿಯಲು ಐದು ನಿಮಿಷ ಸಾಕು.

ರಾಡೇ ಬಿಗಿಯಾಗಿದ್ದರೆ ಮಾತ್ರ ಬಾಕ್ಸ್ ಬಿಚ್ಚುವ ಮಾತು. ಅದಕ್ಕೂ ಮೊದಲು ಡ್ರೈನ್ ಪ್ಲಗ್ ಸಡಿಲಿಸಿ ಎಣ್ಣೆ ನೋಡಬೇಕು. ಹಾಲು ಹೆಚ್ಚಾದ ಚಹಾದ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆ. ಓಡಿ ಬಿಸಿಯಾದ ಬಾಕ್ಸ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ; ಆಗ ಬ್ರೀದರಿನಿಂದಲೋ ಸವೆದ ಆಯಿಲ್ ಸೀಲಿನಿಂದಲೋ ನೀರನ್ನು ಬಾಕ್ಸೇ ಒಳಗೆ ಎಳೆದುಕೊಳ್ಳುತ್ತದೆ. ಹಳ್ಳ ದಾಟುವ ಜೀಪುಗಳಲ್ಲಿ ಮಳೆಗಾಲ ಮುಗಿದ ಕೂಡಲೇ ಈ ಎಣ್ಣೆಯನ್ನು ಬದಲಿಸುವುದು ಕಡ್ಡಾಯವೆಂದು ಭಾವಿಸಬೇಕು. ಪ್ಲಗ್ಗಿಗೆ ಕಬ್ಬಿಣದ ಚೂರುಗಳು ಅಂಟಿದ್ದರೆ ಆಗ ಬಿಚ್ಚುವುದಕ್ಕೆ ಕಾರಣ ಸಿಕ್ಕಂತೆ. ಎಣ್ಣೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಹಳೆಯ ಜೀಪುಗಳ ಗೇರುಳ್ಳ ಬಾಕ್ಸಿಗೆ 90ರ ದಪ್ಪನೆಯ ಗೇರ್ ಆಯಿಲ್ ಹಾಕುತ್ತಾರೆ, ಚೈನಿರುವ ಹೊಸ ಬಾಕ್ಸುಗಳ ಪೈಕಿ ಹಲವಕ್ಕೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ ಎಂಬ ತೆಳು ಎಣ್ಣೆ ಬೇಕು. ತೆಳು ಎಣ್ಣೆಯ ಜಾಗಕ್ಕೆ ದಪ್ಪನೆಯದನ್ನು ಹಾಕಿದರೆ ಚಳಿಗಾಲದ ಬೆಳಗಿನಲ್ಲಿ ಲಿವರು ಬಿಗಿಯಾಗುತ್ತದೆ.

ಮುಂದಿನ ಚಕ್ರಗಳ ಹಬ್ಬುಗಳಲ್ಲಿ ಕೈಯಿಂದ ತಿರುಗಿಸುವ ಲಾಕ್ ಇರುವ ಜೀಪುಗಳೂ ಇವೆ. ಅವನ್ನು ಲಾಕ್ ಮಾಡದೆ ಫೋರ್ ವ್ಹೀಲ್ ಹಾಕಿದರೆ ಮುಂದಿನ ಚಕ್ರಗಳಿಗೆ ಬಲ ಹೋಗುವುದಿಲ್ಲ. ಲೋ ಹಾಕಿದಾಗ ಎಲ್ಲ ಬಲವೂ ಹಿಂದಿನ ಆಕ್ಸಲ್ಲಿನ ಮೇಲೆಯೇ ಬೀಳುತ್ತದೆ. ಬಾಕ್ಸಿನೊಳಗಿನ ತಡೆಗೆ ಇದು ತಿಳಿಯದು. ಲಿವರಿನ ಬದಲು ಗುಂಡಿ ತಿರುಗಿಸುವ ವಿದ್ಯುತ್ ಏರ್ಪಾಡಿನ ವಾಹನಗಳಲ್ಲಿ ಬಲವಂತಕ್ಕೆ ಆಸ್ಪದವೇ ಇಲ್ಲ. ಫಲಕದ ದೀಪ ಮಿನುಗುತ್ತಲೇ ಇದ್ದರೆ ಸಾಮಾನ್ಯವಾಗಿ ಬದಲಾವಣೆ ಪೂರ್ತಿಯಾಗಿಲ್ಲವೆಂದು ಅರ್ಥ. ವಾಹನ ನಿಲ್ಲಿಸಿ, ಗೇರು ನ್ಯೂಟ್ರಲ್ ಮಾಡಿ, ಕ್ಲಚ್ ಒತ್ತಿ ಮತ್ತೊಮ್ಮೆ ಪ್ರಯತ್ನಿಸಬೇಕು.

ಮೇ ತಿಂಗಳಲ್ಲಿ ಮಾಡಬೇಕಾದದ್ದು

ಕೊಡಚಾದ್ರಿಯಂತಹ ಬೆಟ್ಟಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪು ಚಾಲಕರು ಈ ಲಿವರನ್ನು ದಿನಕ್ಕೆ ಹಲವು ಬಾರಿ ಬಳಸುತ್ತಾರೆ. ಸದಾ ಬಳಕೆಯಲ್ಲಿರುವ ಪಿನ್ನಿಗೆ ತುಕ್ಕು ಹಿಡಿಯುವ ಬಿಡುವೇ ಇರುವುದಿಲ್ಲ. ತೊಂದರೆ ಕೊಡುವುದು ವರ್ಷದ ಎಂಟು ತಿಂಗಳು ಡಾಂಬರಿನ ಮೇಲೆ ಮಾತ್ರ ಓಡುವ ವಾಹನ. ಆದುದರಿಂದ ತಿಂಗಳಿಗೊಮ್ಮೆ, ಮಣ್ಣಿನ ಮೈದಾನದಲ್ಲಿ, ಫೋರ್ ವ್ಹೀಲ್ ಹಾಗೂ ಲೋ ಎರಡನ್ನೂ ಹಾಕಿ ನೂರಿನ್ನೂರು ಮೀಟರ್ ನೇರವಾಗಿ ಚಲಿಸಿ, ಮರಳಿ ಹೈಗೆ ತರಬೇಕು. ಲಾಗ್ ಪುಸ್ತಕದಲ್ಲಿ ದಿನಾಂಕದೊಂದಿಗೆ ಒಂದು ಸಾಲು ಬರೆಯತಕ್ಕದ್ದು: ಲಿವರು ಹಗುರ, ಬಿಗಿ, ಅಥವಾ ಬರಲಿಲ್ಲ. ಡಾಂಬರಿನ ಮೇಲೆ ಈ ಅಭ್ಯಾಸ ಮಾಡಬಾರದು. ಕಾರಣವನ್ನು ಮೇಲೆ ಹೇಳಲಾಗಿದೆ.

ಮಳೆಗಾಲಕ್ಕೆ ಜೀಪು ಬಾಡಿಗೆಗೆ ಪಡೆಯುವಾಗ ನೋಂದಣಿ ಪತ್ರ, ವಿಮೆ, ಅರ್ಹತಾ ಪತ್ರ, ಚಾಲನಾ ಪರವಾನಗಿಗಳನ್ನು ನೋಡುವ ಪದ್ಧತಿ ಇದೆ. “ಫೋರ್ ವ್ಹೀಲ್ ವಾಹನ” ಎಂದು ಕಾಗದದಲ್ಲಿ ಇದ್ದರೆ ಸಾಲದು. ಸದಸ್ಯರೊಬ್ಬರು ಹಾಜರಿದ್ದು, ಪಂಚಾಯಿತಿ ಕಚೇರಿಯ ಹತ್ತಿರದ ಮಣ್ಣಿನ ಜಾಗದಲ್ಲಿ, ಅದೇ ಚಾಲಕನಿಂದ ಲೋ ಹಾಕಿಸಿ ತೆಗೆಸಿ ನೋಡಬೇಕು. ಕೆಲಸ ಎರಡು ನಿಮಿಷದ್ದು. ನಾಲ್ಕೂ ಟೈರುಗಳ ಅಳತೆಯನ್ನು ಬದಿಯಲ್ಲಿ ಓದಿ ಬರೆದುಕೊಳ್ಳಬೇಕು. ಚಾಲಕನು ಪೈಪಿಗಾಗಿ ಸೀಟಿನ ಕೆಳಗೆ ಕೈ ಹಾಕಿದರೆ ಬೇರೆ ವಾಹನ ಹುಡುಕುವುದು ಮೇಲು.

ಬಾಕ್ಸ್ ಬಿಚ್ಚಿಸಲೇಬೇಕಾದ ಸಂದರ್ಭದಲ್ಲಿ ಅಂದಾಜು ಪಟ್ಟಿಯಲ್ಲಿ ಎಂಜಿನ್ ನಿಲ್ಲಿಸಿ ಮಾಡಿದ ಪರೀಕ್ಷೆಯ ಫಲಿತಾಂಶ, ಹೊರತೆಗೆದ ಎಣ್ಣೆಯ ಸ್ಥಿತಿ, ಬದಲಿಸಬೇಕಾದ ಭಾಗಗಳ ಹೆಸರು ಇರುವಂತೆ ನೋಡಿಕೊಳ್ಳಬೇಕು. ಬದಲಿಸಿದ ಹಳೆಯ ಭಾಗಗಳನ್ನು ಕಚೇರಿಗೆ ಹಿಂದಿರುಗಿಸಿದ ನಂತರವೇ ಬಿಲ್ಲನ್ನು ಸಭೆಯ ಮುಂದೆ ಇಡುವುದು ಸೂಕ್ತ. ಬಾಗಿದ ಶಿಫ್ಟರ್ ಫೋರ್ಕು ಆ ಭಾಗಗಳಲ್ಲಿ ಕಂಡುಬಂದರೆ, ಲಿವರನ್ನು ಯಾರು, ಯಾವಾಗ, ಯಾವ ಜಾಗದಲ್ಲಿ ಬಲವಂತವಾಗಿ ಎಳೆದರು ಎಂಬುದನ್ನು ಲಾಗ್ ಪುಸ್ತಕದಿಂದ ಪರಿಶೀಲಿಸಬಹುದು.